ಹನ್ನೊಂದನೆಯ ಪುಟದ ಕೆರೆ

ಕರಿಗುಡ್ಡದ ಬಿಡಾರ,
ಎರಡನೆಯ ಚೈತ್ರದ ಮೂವತ್ತೈದನೆಯ ದಿನ, 2291

ಇತಿಹಾಸದ ಪರೀಕ್ಷೆಗೆ ಓದುತ್ತಿರುವ ನಿಮಗೆ,

ಬೇಸಿಗೆ ಹಿಗ್ಗಿದ ಮೇಲೆ ನಾವು ಚೈತ್ರವನ್ನು ಎರಡು ಸಲ, ನಲವತ್ತು ನಲವತ್ತು ದಿನದಂತೆ ಎಣಿಸುತ್ತೇವೆ. ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕನ್ನಡಕ್ಕೂ ಪರೀಕ್ಷೆಯ ವಾಸನೆ ಹತ್ತಿರಬಹುದು, ಏಕೆಂದರೆ ಬರೆಯಲು ಕಲಿತದ್ದೇ ನಿಮ್ಮ ಉತ್ತರಪತ್ರಿಕೆಗಳಿಂದ. ನಿಮ್ಮ ಕಾಲದ್ದೆಂದು ನಮಗೆ ಉಳಿದಿರುವುದು ಅದೊಂದೇ: ಯಾವುದೋ ಕಾಲೇಜಿನ ನೆಲಮಾಳಿಗೆಯಲ್ಲಿ ಬಟ್ಟೆ ಹೊಲಿದು, ಅರಗಿನ ಮುದ್ರೆ ಒತ್ತಿಟ್ಟಿದ್ದ ಕಟ್ಟು. ಮೇಲೆ ನೋಂದಣಿ ಸಂಖ್ಯೆ ಇದೆ, ಹೆಸರಿಲ್ಲ. ನಿಮ್ಮನ್ನು ಅಜ್ಜ ಎನ್ನಲೋ ಅಜ್ಜಿ ಎನ್ನಲೋ ತಿಳಿಯದು.

ನಮ್ಮಲ್ಲಿ ಇತಿಹಾಸ ಓದುವುದು ನೌಕರಿಗಲ್ಲ, ನೀರಿಗೆ. ಪ್ರಬಂಧ ಪರೀಕ್ಷೆಯಲ್ಲಿ ಪಾಸಾದವರು ಜಾಡುಗಾರರಾಗುತ್ತಾರೆ, ಅಂದರೆ ಹಳೆಯ ಕೆರೆಗಳ ಗುರುತು ಹಿಡಿದು ಇಡೀ ಬಿಡಾರವನ್ನು ಮುಂದಿನ ನೀರಿನತ್ತ ನಡೆಸುವವರು. ನಾಳೆ ನನ್ನ ಪರೀಕ್ಷೆ. ಪ್ರಶ್ನೆ ಎಲ್ಲರಿಗೂ ಗೊತ್ತು: ಕರಿಗುಡ್ಡದ ಪಾಳೆಯಗಾರನ ಜನಹಿತ ಕಾರ್ಯಗಳನ್ನು ವಿವರಿಸಿ. ಆಧಾರವೂ ಒಂದೇ, ನಿಮ್ಮ ಉತ್ತರ. ಹನ್ನೊಂದನೆಯ ಪುಟದಲ್ಲಿ ನೀವು ಬರೆದಿದ್ದೀರಿ, ಗುಡ್ಡದಿಂದ ಪಶ್ಚಿಮಕ್ಕೆ ನಾಲ್ಕು ದಿನದ ದಾರಿಯಲ್ಲಿ ಅವನು ಎಂದೂ ಬತ್ತದ ಕಲ್ಲುಕೆರೆಯನ್ನು ಕಟ್ಟಿಸಿದನೆಂದು. ಆ ದಾರಿಯಲ್ಲಿ ಈಗ ಹನಿ ನೀರಿಲ್ಲ.

ಆ ಸಾಲು ನನ್ನ ನಿದ್ದೆ ಕೆಡಿಸಿದೆ. ಹತ್ತನೆಯ ಪುಟದವರೆಗೆ ನಿಮ್ಮ ಅಕ್ಷರ ಸಣ್ಣದು, ಇಸವಿಗಳನ್ನು ಹೊಡೆದು ತಿದ್ದಿದ್ದೀರಿ. ಹನ್ನೊಂದಕ್ಕೆ ಬರುತ್ತಲೇ ಅಕ್ಷರಗಳು ಊದಿಕೊಂಡು ಸಾಲಿಗೆ ನಾಲ್ಕೇ ಪದ. ಪಾಳೆಯಗಾರ ಇದ್ದಕ್ಕಿದ್ದಂತೆ ಮಹಾನ್, ದಕ್ಷ, ಪ್ರಜಾವತ್ಸಲ. ಸರಕು ಮುಗಿದಾಗ ನಾವೂ ಹೀಗೇ ಬರೆಯುತ್ತೇವೆ. ನಮ್ಮ ಮೇಷ್ಟ್ರು ಈರಯ್ಯನವರು ಹೇಳುವುದೂ ಅದನ್ನೇ: “ಪುಟ ತುಂಬ್ಸವ್ವಾ, ಪುಟ ನೋಡಿ ಅಂಕ ಕೊಡ್ತಾರೆ.” ನಿಮ್ಮ ಮೇಷ್ಟ್ರೂ ಹಾಗೆಂದಿದ್ದರೇ? ಆ ಕೆರೆಯ ಮೇಲೆ ನನಗೆ ಅನುಮಾನ ಎಂದರೆ ಈರಯ್ಯನವರು ರೇಗಿದರು: “ಇರೋದನ್ನ ಬರಿ. ಅನುಮಾನಕ್ಕೆ ಅಂಕ ಇಲ್ಲ.”

ಇಲ್ಲಿಯ ಗುಂಡಿಯಲ್ಲಿ ಕೆಸರಷ್ಟೇ ಉಳಿದಿದೆ. ಅಮ್ಮ ಆಗಲೇ ಕೊಡಗಳಿಗೆ ಹುಲ್ಲು ಸುತ್ತಿ ಕಟ್ಟಿದ್ದಾಳೆ. “ನೀನು ಪಾಸಾದ್ ಕೂಡ್ಲೇ ಹೊರಡಾದೇ,” ಎನ್ನುತ್ತಾಳೆ. ತಂಗಿಗೆ ಇನ್ನೂ ನಡೆಯಲು ಬಾರದು, ಅವಳು ನನ್ನ ಬೆನ್ನ ಮೇಲೆ. ನಿಮ್ಮ ಸಾಲನ್ನು ಬರೆದರೆ ಇವರನ್ನೆಲ್ಲ ಆ ನೀರಿಲ್ಲದ ದಾರಿಗೆ ನಾನೇ ಕರೆದೊಯ್ಯಬೇಕು. ಬರೆಯದೆ ಫೇಲಾದರೆ, ಅದನ್ನು ನಂಬಿ ಬಾಯಿಪಾಠ ಮಾಡಿದ ಇನ್ನೊಬ್ಬರು ಕರೆದೊಯ್ಯುತ್ತಾರೆ. ನನಗೆ ಭಯವಾಗುತ್ತಿದೆ.

ಮದ್ದು ಇರುವುದು ನಿಮ್ಮ ಕೈಯಲ್ಲಿ. ನೀವಿನ್ನೂ ಪರೀಕ್ಷೆಗೆ ಕೂತಿಲ್ಲ; ಅಲ್ಲಿ ನೀವು ಬರೆಯುವುದು ಬದಲಾದರೆ ನಮ್ಮ ಕಟ್ಟಿನ ಪುಟವೂ ಬದಲಾಗುತ್ತದೆ. ಆ ಕೆರೆಯ ಬಗ್ಗೆ ಎಲ್ಲಾದರೂ ಓದಿದ್ದರೆ, ಎಲ್ಲಿ ಓದಿದಿರೆಂದು ಪಕ್ಕದಲ್ಲಿ ಬರೆಯಿರಿ. ಓದಿಲ್ಲವಾದರೆ ಹನ್ನೊಂದನೆಯ ಪುಟವನ್ನು ಖಾಲಿ ಬಿಟ್ಟುಬಿಡಿ. ನಿಮಗೆ ಹೋಗುವುದು ಎರಡು ಅಂಕ. ಉತ್ತರ ದಿಕ್ಕಿನಲ್ಲಿ ಸಂಜೆ ಹೊತ್ತು ಹಕ್ಕಿಗಳು ಇಳಿಯುವುದನ್ನು ಅಮ್ಮ ನೋಡಿದ್ದಾಳೆ. ಪುಟ ಖಾಲಿಯಿದ್ದರೆ ನಾವು ಅತ್ತ ಹೋಗುತ್ತೇವೆ.

ಇಷ್ಟು ಬರೆದು ಮತ್ತೆ ಆ ಪುಟ ತೆರೆದು ನೋಡಿದೆ. ಕೆರೆ ಇನ್ನೂ ಅಲ್ಲೇ ಇದೆ. ದಯವಿಟ್ಟು, ಬೇಗ.

ನಾಳೆ ಪರೀಕ್ಷೆಗೆ ಕೂರುವ
ಮುತ್ತಕ್ಕ