ಎಳ್ಳುನೀರು ಬಿಟ್ಟ ಅಪ್ಪನಿಗೆ

ಶ್ರೀರಂಗಪಟ್ಟಣ,
೫-೧೦-೧೯೩೮

ಅಪ್ಪನಿಗೆ ಚಲುವರಾಜು ಮಾಡುವ ನಮಸ್ಕಾರಗಳು.

ಈ ಕಾಗದ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಬರೆಯಬಾರದೆಂದು ನಾಲ್ಕು ದಿನ ತಡೆದುಕೊಂಡೆ. ಹುಬ್ಬಳ್ಳಿಯಲ್ಲಿ ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಒಂಬತ್ತು ವರ್ಷ ಒಂದು ಸಾಲೂ ಬರೆಯದವರು ಆರೋಗ್ಯವಾಗಿಯೇ ಇರಬೇಕು. ನಾನು ಕ್ಷೇಮ. ಇಂಟರ್‌ಮೀಡಿಯಟ್ ಮೊದಲ ವರ್ಷ, ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ. ಲಾಜಿಕ್ ತಲೆಗೆ ಹತ್ತುತ್ತಿಲ್ಲ. ದೇವಲಾಪುರದಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನೀವು ಕೇಳಿಲ್ಲ, ಆದರೂ ಬರೆದೆ.

ನಿಮ್ಮ ಪೋಸ್ಟ್‌ಕಾರ್ಡು ತಲುಪಿತು. ವಿಳಾಸವನ್ನು ನಿಮ್ಮ ಸ್ನೇಹಿತರು, ಬೆಳ್ಳೂರಿನ ಲಿಂಗಣ್ಣನವರು ಕೊಟ್ಟಿರಬೇಕು. ಯಾರು ಬೇಕಾದರೂ ಓದುವಂಥ ಕಾರ್ಡಿನಲ್ಲಿ 'ನನ್ನ ಮಗ ಚಲುವರಾಜುವಿಗೆ' ಎಂದು ಬರೆದು, ದೀಪಾವಳಿಗೆ ಹಾಸ್ಟೆಲಿಗೇ ಬಂದು ನೋಡುತ್ತೇನೆ ಎಂದಿದ್ದೀರಿ. ಇದು ತಂದೆಯಿಲ್ಲದ ಹುಡುಗರ ಫ್ರೀ ಹಾಸ್ಟೆಲ್. ಇಲ್ಲಿನ ರಿಜಿಸ್ಟರಿನಲ್ಲಿ ನೀವು ಸತ್ತಿದ್ದೀರಿ.

ಮೂರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆಂದು ಹೋದ ನೀವು ಅಲ್ಲೇ ಇನ್ನೊಂದು ಸಂಸಾರ ಹೂಡಿದ ಸುದ್ದಿ ಗುಟ್ಟಾಗಿ ನಮ್ಮ ಮನೆಗೆ ಬಂದಾಗ ನನಗೆ ಹತ್ತು ವರ್ಷ. ನನ್ನನ್ನು ಈ ಹಾಸ್ಟೆಲಿಗೆ ಸೇರಿಸಲು, ನೀವು ಸತ್ತಿರೆಂದು ಶಾನುಭೋಗರು ಸರ್ಟಿಫಿಕೇಟ್ ಬರೆಯಬೇಕಾದರೆ ಊರು ನಂಬಬೇಕಿತ್ತು. ಅಮ್ಮ ಕೆರೆ ಏರಿಯ ಮೇಲೆ ಎಲ್ಲರೆದುರು ಕುಂಕುಮ ಒರೆಸಿಕೊಂಡು, ಬಳೆ ಒಡೆಸಿಕೊಂಡಳು. ನನ್ನ ತಲೆ ಬೋಳಿಸಿದರು. ಇದು ಸುಳ್ಳಲ್ಲವೇ ಎಂದು ಕೇಳಿದ್ದಕ್ಕೆ, 'ನಿಂಗೆ ಅನ್ನ ಹಾಕೋ ಸುಳ್ಳು ಕಣ್ಲಾ, ಸುಮ್ಕಿರು. ನನ್ ಪಾಲ್ಗೆ ಆ ಗಂಡ್ಸು ಸತ್ತಂಗೇ' ಎಂದಳು. ಆಮೇಲೆ ಪ್ರತಿ ಮಹಾಲಯ ಅಮಾವಾಸ್ಯೆಗೂ ವಾರ್ಡನ್ ಶಿವಲಿಂಗಯ್ಯನವರು ನಮ್ಮನ್ನೆಲ್ಲ ಸಾಲಾಗಿ ಕಾವೇರಿಗೆ ಕರೆದೊಯ್ಯುತ್ತಾರೆ. ಈ ಸಲವೂ ಸೊಂಟದ ಮಟ್ಟ ನೀರಿನಲ್ಲಿ ನಿಂತು, ನಿಮ್ಮ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ಕಾರ್ಡು ಸಿಕ್ಕಿದ್ದು ಪಕ್ಕದ ಹಾಸಿಗೆಯ ನಾಗರಾಜುವಿನ ಕೈಗೆ. 'ಏನ್ಲಾ ಚಲ್ವ, ನೀನು ನೀರ್ ಬುಟ್ಟು ಎಂಟ್ ದಿನ್ಕೇ ನಿಮ್ಮಪ್ಪ ಕಾರ್ಡ್ ಬರ್ದವ್ನೆ. ಅಲ್ಲೂ ಪೋಸ್ಟಾಫೀಸ್ ಅದಾ?' ಎಂದ. ಅವನು ಬೇರೆ ಯಾರಿಗೂ ಹೇಳಿಲ್ಲ, ಇನ್ನೂ.

ಕಾರ್ಡು ಬಂದ ಶನಿವಾರವೇ, ಪಟ್ಟಣಕ್ಕೆ ಬಂದಿದ್ದ ಟೂರಿಂಗ್ ಸಿನಿಮಾ ಟೆಂಟಿನವರು ತಬ್ಬಲಿ ಹುಡುಗನ ಪಿಕ್ಚರೆಂದು ನಮಗೆಲ್ಲ ಫ್ರೀ ಪಾಸ್ ಕೊಟ್ಟರು. ಅದರಲ್ಲಿ ಹುಡುಗ ಹಾರುವ ಮರದ ಕುದುರೆ ಏರಿ, ಮಾತಾಡುವ ಮೀನನ್ನು ದಾರಿ ಕೇಳಿ, ಸತ್ತನೆಂದುಕೊಂಡಿದ್ದ ಅಪ್ಪನನ್ನು ರಾಕ್ಷಸನ ಗುಹೆಯಿಂದ ಬಿಡಿಸಿ ತರುತ್ತಾನೆ. ಹುಡುಗರೆಲ್ಲ ಅತ್ತರು. ನಾನು ಸಿಟ್ಟಿನಿಂದ ಮುಖ ಮುಚ್ಚಿಕೊಂಡು ಕೂತೆ. ಅಳುತ್ತಿದ್ದೇನೆಂದು ತಿಳಿದ ವಾರ್ಡನ್ನರು ಬೆನ್ನು ತಟ್ಟಿ, 'ನಿಮ್ಮಪ್ಪ ಇದ್ದಿದ್ರೆ ಅವ್ರೂ ಇಂಗೇ ಓಡ್ಬತ್ತಿದ್ರು ಕಣಪ್ಪ' ಎಂದರು. ನಿಮ್ಮ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಪಿಕ್ಚರಿನ ಅಪ್ಪನನ್ನು ರಾಕ್ಷಸ ಸರಪಳಿಯಲ್ಲಿ ಬಿಗಿದಿದ್ದ. ನಿಮ್ಮನ್ನು ಯಾರು ಬಿಗಿದಿದ್ದರು?

ನೀವು ಈ ಗೇಟಿನೊಳಗೆ ಕಾಲಿಟ್ಟ ದಿನ ನನ್ನ ಊಟ, ಹಾಸಿಗೆ, ಕಾಲೇಜು ಎಲ್ಲ ಹೋಗುತ್ತದೆ. ಊರಿನಲ್ಲಿ ಅಮ್ಮ ತಲೆಯೆತ್ತಿ ನಡೆಯುವಂತಿಲ್ಲ. ಆದ್ದರಿಂದ ಬರಬೇಡಿ. ಕಾರ್ಡೂ ಬೇಡ. ನೋಡಬೇಕೆನಿಸಿದರೆ ತಡೆದುಕೊಳ್ಳಿ, ಅಭ್ಯಾಸವಿದೆಯಲ್ಲ.

ಹಿರಿಯರೆಂಬ ಒಂದೇ ಕಾರಣಕ್ಕೆ ಮತ್ತೊಮ್ಮೆ ನಮಸ್ಕರಿಸಿ ಮುಗಿಸುತ್ತೇನೆ.

ಚಲುವರಾಜು

ವಿ.ಸೂ.: ಕವರು ಅಂಟಿಸುವ ಮುಂಚೆ ಇದೊಂದು. ನನ್ನನ್ನು ಎರಡು ದಿನ ನೋಡಿ ಹೋಗುವುದಕ್ಕಾದರೆ ಮೇಲೆ ಬರೆದದ್ದೇ ಸರಿ, ಬರಬೇಡಿ. ದೇವಲಾಪುರದಲ್ಲಿ ಇದ್ದುಬಿಡುವುದಕ್ಕೇ ಬರುವುದಾದರೆ, ಮೊದಲು ನಾನು ಹೋಗಿ ಅಮ್ಮನನ್ನು ಕೇಳುತ್ತೇನೆ. ಒಳಗೆ ಸೇರಿಸುವುದು ಬಿಡುವುದು ಅವಳಿಷ್ಟ. ಅವಳು ಹೂಂ ಅಂದರೆ ವಾರ್ಡನ್ನರಿಗೆ ನಾನೇ ನಿಜ ಹೇಳಿ ಸೀಟು ಬಿಡುತ್ತೇನೆ. ಎರಡರಲ್ಲಿ ಯಾವುದು ಎಂದು ಕವರಿನಲ್ಲಿಟ್ಟು ಬೇಗ ಉತ್ತರ ಬರೆಯಿರಿ.