ಸನ್‌ರೂಫಿಗೆ ಅಡ್ಡ ಸಿಕ್ಕಿದ್ದು

ಅಪ್ಪಾ,

ಕಾರಿನ ಸನ್‌ರೂಫ್ ಸರಿಹೋಯ್ತು. ಬೆಣ್ಣೆಯಿಂದ ಕೂದಲೆಳೆದ ಹಾಗೆ ಜಾರುತ್ತೆ. ನೀನು ಇನ್ನು ಅದಕ್ಕೆ ಸುತ್ತಿಗೆ ಹಾಕಬೇಡ, ಅದು ನಿನ್ನ ಮರಗೆಲಸದ ಬಾಗಿಲ ಚೌಕಟ್ಟಲ್ಲ. ಅದು ಜಾರೋ ಹಳಿಗೆ ನೀನು ಸವರಿದ್ದ ಅಡುಗೆ ಎಣ್ಣೆನೂ ಒರೆಸಿದ್ದೀನಿ.

ಅಮ್ಮ ಎದ್ದು ನಿಂತು ತಲೆ ಹೊರಗೆ ಹಾಕಿದ್ದಕ್ಕೇ ಕೆಟ್ಟಿತು ಅಂತ ಮೂರು ದಿನದಿಂದ ಅವಳ ಮೇಲೆ ಹಾರಾಡ್ತಿದ್ದೀಯ. ಅರವತ್ತು ವರ್ಷಕ್ಕೆ ಒಂದು ಸಲ ಗಾಳಿಗೆ ಮುಖ ಕೊಟ್ಟು ನಕ್ಕಿದ್ಲು, ಪಾಪ. ಆಮೇಲೆ ಕಾರು ಹತ್ತೇ ಇಲ್ಲ.

ಎದ್ದ ತಕ್ಷಣ ಟೀ ಮಾಡಿ ಅವಳಿಗೆ ಕೊಡು. ಸುಮ್ನೆ ಕೆಮ್ಮಿ ಎದ್ದು ಹೋಗಬೇಡ. ತಪ್ಪಾಯ್ತು ಅಂತ ಬಾಯಿ ಬಿಟ್ಟು ಹೇಳು. ಸಂಜೆ ಒಂದು ಸುತ್ತು ಕರ್ಕೊಂಡು ಹೋಗು, ನಿಲ್ತೀನಿ ಅಂದ್ರೆ ನಿಲ್ಲಲಿ.

ಹಳಿಯಲ್ಲಿ ಸಿಕ್ಕಿಕೊಂಡಿದ್ದು ನೀನು ಕಿವಿ ಮೇಲೆ ಇಟ್ಕೊಳ್ಳೋ ಕೆಂಪು ಪೆನ್ಸಿಲ್. ಅಮ್ಮನಿಗೆ ಹೇಳಿಲ್ಲ. ಈ ಚೀಟಿ ಅದರಲ್ಲೇ ಬರೆದೆ.