ಅಳಿಸುವ ಕೀ ಹೆಬ್ಬೆರಳಿಗೆ

ಜೂನ್ 3, ಬೆಳಿಗ್ಗೆ 9.40

ಮತ್ತೆ ಅದೇ. ಬಿಸಿನೀರಿನಲ್ಲಿ ಹತ್ತು ನಿಮಿಷ ಕೈ, ಪಟ್ಟಿ ಬಿಗಿದು ಲಾಗಿನ್. ಹನ್ನೊಂದರೊಳಗೆ ಬಲಗೈ ಕಿರುಬೆರಳು ಸೆಳೆಯುತ್ತದೆ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ. ಬ್ರಾಕೆಟ್, ಸೆಮಿಕೋಲನ್, ಎಂಟರ್ — ಕೋಡ್ ಬರೆಯುವವರಿಗೆ ಬೇಕಾದದ್ದನ್ನೆಲ್ಲ ಪಾಪದ ಆ ಕಿರುಬೆರಳಿನ ತಲೆಗೇ ಕಟ್ಟಿದ್ದಾನೆ, ಯಾವ ಪುಣ್ಯಾತ್ಮನೋ.

ಟೀಮ್ ಲೀಡ್ ಫೋನ್. ದನಿ ಬಹಳ ಮೃದು. ಅಲ್ಲೇ ಭಯ ಹುಟ್ಟಿತು. "ಈ ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಕೋಡಿಂಗ್ ಬೇರೆಯವರಿಗೆ ಕೊಡೋಣ, ನೀವು ಮೀಟಿಂಗ್ ನೋಡ್ಕೊಳ್ಳಿ."

ಮೀಟಿಂಗಂತೆ! ಹದಿನಾಲ್ಕು ವರ್ಷ ಕೋಡ್ ಬರೆದವಳು. ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಜೂನ್ 5

ಅಂಗಡಿಯ ಕೀಬೋರ್ಡ್ ಸಹವಾಸ ಸಾಕು. ನನ್ನ ಕೈಗೆ ನಾನೇ ಕೀಪ್ಯಾಡ್ ಮಾಡಿಕೊಳ್ಳುತ್ತೇನೆ. ಎರಡು ಹೋಳು, ಒಂದೊಂದು ಕೈಗೆ ಒಂದೊಂದು. ಕಾಗದದ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದೆ. ಬೆರಳ ತುದಿ ಬಿದ್ದಲ್ಲಿ ಕೀ. ಯಾವ ಅಕ್ಷರ ಎಲ್ಲಿ? ಒಂದು ವರ್ಷದ ಕೋಡ್ ಫೈಲುಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಎಂದು ಎಣಿಸಿದೆ. ಹೆಚ್ಚು ಬರುವುದು ಗಟ್ಟಿ ಬೆರಳಿಗೆ. ಲೆಕ್ಕ ಪಕ್ಕಾ.

ಬಾಗಿಲಲ್ಲಿ ಅತ್ತೆ. "ಏನೇ ಇದು, ಕೈಗವಸು ಹೊಲಿಸ್ತೀಯಾ?"

ಮೂವತ್ತು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಹೇಳಿದೆ. ಹೂಂ ಎಂದರು, ಹೋದರು.

ಜೂನ್ 14

ಮಾಡಿ ಮುಗಿಸಿ ನಾಲ್ಕು ದಿನ. ಬೆಸುಗೆ ಹಾಕುವಾಗ ಎರಡು ಕಡೆ ಸುಟ್ಟುಕೊಂಡೆ. ಬ್ರಾಕೆಟ್ ತೋರುಬೆರಳಿಗೆ ಬಂದಿದೆ, ಸ್ವರ್ಗ. ಆದರೆ ನೋವು ಇಳಿದಿಲ್ಲ! ಸಂಜೆಗೆ ಕಿರುಬೆರಳು ಮತ್ತೆ ಕೊರಡು. ಲೆಕ್ಕ ಮೂರು ಸಲ ನೋಡಿದೆ. ಸರಿಯಾಗಿಯೇ ಇದೆ.

ಅತ್ತೆಯ ಮುಂದೆ ಅತ್ತುಬಿಟ್ಟೆ. ನಾಚಿಕೆಗೇಡು.

"ಅಳೋದು ಆಮೇಲೆ ಇಟ್ಕೋ. ನಾಳೆ ನೀನು ಕೆಲಸ ಮಾಡು, ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಜೂನ್ 15

ಕೂತರು. ಕನ್ನಡಕ, ಪೆನ್ಸಿಲ್, ಹಳೇ ಕ್ಯಾಲೆಂಡರಿನ ಹಿಂಬದಿ. ಪರದೆ ನೋಡಲೇ ಇಲ್ಲ — ನನ್ನ ಕಿರುಬೆರಳು ಮಾತ್ರ. ಅದು ಚಾಚಿದಾಗಲೆಲ್ಲ ಒಂದು ಗೀಟು. ಎರಡು ಗಂಟೆ ಹೀಗೇ.

"ಮೇಲ್ಗಡೆ ಮೂಲೇಲಿರೋದು ಯಾವ ಕೀ?"

"ಬ್ಯಾಕ್‌ಸ್ಪೇಸ್. ತಪ್ಪಾದ್ರೆ ಅಳಿಸೋದು."

"ಇನ್ನೂರ ಹನ್ನೆರಡು ಸಲ ಒತ್ತಿದೀಯ. ನಿನ್ನ ಲೆಕ್ಕದಲ್ಲಿ ಎಷ್ಟಿತ್ತು?"

ಸೊನ್ನೆ. ಸೊನ್ನೆ! ನಾನು ಎಣಿಸಿದ್ದು ಮುಗಿದ ಕೋಡ್. ಅಳಿಸಿದ್ದು ಫೈಲಿನಲ್ಲಿ ಉಳಿದಿರುತ್ತದೆಯೇ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೇನೆ.

"ನಮ್ ಕಾಲದಲ್ಲಿ ಒಂದು ತಪ್ಪಾದ್ರೆ ಇಡೀ ಹಾಳೆ ಮತ್ತೆ ಹೊಡೀಬೇಕಿತ್ತು. ಅದಕ್ಕೇ ನಂಗೆ ಮೊದಲು ಕಣ್ಣಿಗೆ ಬೀಳೋದೇ ತಪ್ಪು. ಎಡಗೈ ಹೆಬ್ಬೆರಳು ನೋಡು, ಸೋಮಾರಿ, ಸುಮ್ನೆ ಕೂತಿದೆ. ಅದಕ್ಕೆ ಕೊಡು."

ಎಂಥಾ ಹೆಂಗಸಪ್ಪಾ ಇವರು! ಕಂಪ್ಯೂಟರ್ ಆನ್ ಮಾಡಲು ಬಾರದು. ನನ್ನ ಪಕ್ಕಾ ಲೆಕ್ಕವನ್ನು ಒಂದು ತುಂಡು ಪೆನ್ಸಿಲಿನಲ್ಲಿ ತಿದ್ದಿಬಿಟ್ಟರು. ತಬ್ಬಿಕೊಂಡೆ. "ಸಾಕು ಬಿಡೇ" ಎಂದು ಬೈಸಿಕೊಂಡೆ.

ಜೂನ್ 27

ಅಳಿಸುವ ಕೀ ಹೆಬ್ಬೆರಳಿಗೆ ಬಂತು, ಐದು ದಿನದಿಂದ ಬಿಸಿನೀರು ಮರೆತೇ ಹೋಗಿದೆ. ಟೀಮ್ ಲೀಡಿಗೆ ಎಂಟುನೂರು ಸಾಲು ಕೋಡ್ ಕಳಿಸಿದೆ. ಉತ್ತರ ಬಂತು — "ಸರಿ, ಮೀಟಿಂಗಿಗೆ ಬೇರೆಯವರನ್ನ ಹುಡುಕ್ತೀನಿ." ಅತ್ತೆಗೆ ಹೇಳಲು ಓಡಿದೆ.

ಅತ್ತೆ ಕೇಳಿಸಿಕೊಂಡರು. ಆಮೇಲೆ — "ನಾನೊಂದ್ ನಿಮಿಷ ಕೂರಲಾ?"

ನನ್ನ ಕುರ್ಚಿಯಲ್ಲಿ ಕೂತರು. ಬೆನ್ನು ನೆಟ್ಟಗೆ, ಕಣ್ಣು ಗೋಡೆಯ ಮೇಲೆ. ಬೆರಳಿಟ್ಟರು. ಬಲಗೈಯ ಎರಡು ಬೆರಳು ಏಳಲೇ ಇಲ್ಲ.

"ಸಾಕಾಯ್ತು ಅಂತ ಕೆಲಸ ಬಿಟ್ಟೆ ಅಂದಿದ್ನಲ್ಲ... ಸುಳ್ಳು. ಬೆರಳು ಏಳ್ತಿರಲಿಲ್ಲ ಕಣೇ. ಇನ್ನೂ ಮೂರು ವರ್ಷ ಸರ್ವಿಸ್ ಇತ್ತು. ಯಾರಿಗೆ ಹೇಳೋದು? ಮಷೀನು ಎಲ್ಲರಿಗೂ ಒಂದೇ."

ಹನ್ನೆರಡು ವರ್ಷದಿಂದ ಒಂದೇ ಮನೆ. ನಾನು ಒಮ್ಮೆಯೂ ಆ ಕೈ ನೋಡಿರಲಿಲ್ಲ.

ಜೂನ್ 28, ಬೆಳಿಗ್ಗೆ 6.15

ಕಾಗದದ ಮೇಲೆ ಅತ್ತೆಯ ಕೈ. ಗೆರೆ ಎಳೆಯುವಾಗ ಕಚಗುಳಿ ಎಂದು ನಕ್ಕರು. "ನಂಗ್ಯಾಕೆ ಇದು, ಈ ವಯಸ್ಸಲ್ಲಿ ನಾನೇನು ಟೈಪ್ ಮಾಡ್ಲಿ?" ಎಂದರು, ಕೈ ಮಾತ್ರ ಕದಲಿಸಲಿಲ್ಲ.

ಏಳುವ ಬೆರಳು ಎಂಟು. ಬಲಗೈ ಉಂಗುರದ ಬೆರಳಿನ ಅಕ್ಷರಗಳನ್ನೆಲ್ಲ ಎಡಕ್ಕೆ ಹಾಕಿದರೆ... ಇಲ್ಲ, ಲೆಕ್ಕ ಆಮೇಲೆ. ಮೊದಲು ಪಕ್ಕದಲ್ಲಿ ಕೂತು ನೋಡಬೇಕು.

ಆಗಲೇ ಕುರ್ಚಿಯಿಂದ ಕೂಗುತ್ತಿದ್ದಾರೆ — "ಬಂದ್ಯೇನೇ? ಬರ್ತಾ ಕ್ಯಾಲೆಂಡರ್ ತಗೊಂಡ್ ಬಾ!"

ಪೆನ್ಸಿಲ್ ಎಲ್ಲಿಟ್ಟೆ...